ಮೈಲ್ 104ರ ಲೆಕ್ಕ

ಜಿನೀವಾ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಆರಾಮ ಇದ್ದೇನೆ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಇನ್ನೂ ಅರ್ಧ ಡಬ್ಬಿ ಇದೆ, ಖಡಕ್ ರೊಟ್ಟಿ ಮುಗಿದವು.

ಮೊನ್ನೆ ಫೋನಿನಲ್ಲಿ "ರಾಯಭಾರಿ ಆಗೋ ಸಾಲಿ ಏನವ್ವಾ ಅದು?" ಅಂತ ಕೇಳಿದಿರಿ. ಅಂತರರಾಷ್ಟ್ರೀಯ ಸಂಬಂಧಗಳನ್ನು ಕಲಿಸಲೆಂದೇ 1927ರಲ್ಲಿ ಶುರುವಾದ ಸಂಸ್ಥೆ ಇದು. ಆಗ ರಾಷ್ಟ್ರಸಂಘ (ಲೀಗ್ ಆಫ್ ನೇಷನ್ಸ್) ಇದೇ ಊರಲ್ಲಿತ್ತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರೂ ಇಲ್ಲಿ ಓದಿದವರು. ರಾಯಭಾರಿ ಆಗಬೇಕೆಂದು ಬಂದವರು ಬಹಳ ಜನ ಇದ್ದಾರೆ. ನಾನು ಹಿಡಿದಿರುವುದು ನೀರಿನ ಒಪ್ಪಂದಗಳನ್ನು.

ಈ ಊರಿನ ನೆಲದಡಿಯ ನೀರು ಫ್ರಾನ್ಸ್ ಗಡಿಯ ಆಚೆಗೂ ಹಬ್ಬಿದೆ. ಎರಡೂ ಕಡೆಯವರು ಎತ್ತಿ ಎತ್ತಿ, ಮಟ್ಟ 7 ಮೀಟರ್‌ಗಿಂತ ಹೆಚ್ಚು ಕುಸಿದಿತ್ತು. 1978ರಲ್ಲಿ ಜಿನೀವಾದವರೂ ಆಚೆಯ ಓಟ್-ಸವಾಯ್ ಜಿಲ್ಲೆಯವರೂ ಕೂತು ಕರಾರು ಮಾಡಿಕೊಂಡರು. ಆರ್ವ್ ಹೊಳೆಯ ನೀರನ್ನು ಸೋಸಿ ನೆಲಕ್ಕೆ ಇಳಿಸುತ್ತಾರೆ, ಅದರ ಖರ್ಚಿಗೆ ಆಚೆಯವರೂ ಪಾಲು ಕೊಡುತ್ತಾರೆ. ನೀರೆತ್ತುವ ಕಡೆಯೆಲ್ಲ ನೀರು ಅಳೆಯುವ ಮೀಟರ್ ಇರಬೇಕು ಅನ್ನೋದೂ ಕರಾರಿನಲ್ಲೇ ಇದೆ. ಅದನ್ನು ಓದುವಾಗ ನನಗೆ ನಮ್ಮ ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರಿನ ಮಟ್ಟ ಅಳೆಯುವ ಗೇಜ್ ಕಣ್ಣಿಗೆ ಕಟ್ಟಿತು.

ತುಂಗಭದ್ರಾ ಡ್ಯಾಮಿಗೆ 1945ರಲ್ಲಿ ಅಡಿಗಲ್ಲು ಹಾಕಿದಾಗ ಈ ದಂಡೆ ನಿಜಾಮರದು, ಆ ದಂಡೆ ಮದ್ರಾಸಿನದು. ಎರಡು ಸರ್ಕಾರ ಕೂಡಿ ಕಟ್ಟಿದ ಆ ಡ್ಯಾಮಿನ ನೀರು ನಮ್ಮ ಸಿರವಾರದ ಹೊಲಕ್ಕೆ ಬರುವಷ್ಟರಲ್ಲಿ ಸೊರಗಿರುತ್ತದೆ. ಮೇಲಿನವರು ಭತ್ತ ನಾಟಿ ಮಾಡುವಾಗ ನೀವು ಬ್ಯಾಟರಿ ಹಿಡಿದು ರಾತ್ರಿ ನಾಲೆ ಕಾದದ್ದು ನಾನು ಮರೆತಿಲ್ಲ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ಸುದ್ದಿ ಕೇಳಿ ನೀವು ಊಟ ಬಿಟ್ಟು ಎದ್ದದ್ದೂ ನೆನಪಿದೆ. ಇದನ್ನೆಲ್ಲ ತರಗತಿಯಲ್ಲಿ ಹೇಳಿದೆ. ಕೀನ್ಯಾದ ಗೆಳತಿ ಒಂದೇ ಮಾತು ಕೇಳಿದಳು: "ಗೇಜ್ ಅಳತೆ ಬರೆದಿಡುವವರು ಯಾರು? ರೈತರ ಹತ್ತಿರ ಆ ಲೆಕ್ಕ ಇದೆಯೇ?"

ಇದೆ, ಅಪ್ಪಾಜಿ. ನಾಲೆಯ ಮೈಲ್ 104ರ ಗೇಜಿನಲ್ಲಿ ನೀರು ಎಷ್ಟು ಅಡಿ ಇತ್ತು, ನೀರು ಯಾವತ್ತು ಬಂತು, ಯಾವತ್ತು ನಿಂತಿತು ಅಂತ ನೀವು ಬರೆದಿಟ್ಟ ವಹಿ ದೇವರ ಕೋಣೆಯ ಮಾಡದಲ್ಲಿದೆ. ನನ್ನ ಪ್ರಬಂಧಕ್ಕೆ ಅದೇ ಬೇಕು. ತಮ್ಮನಿಗೆ ಹೇಳಿ ಪ್ರತಿ ಹಾಳೆಯ ಫೋಟೋ ತೆಗೆಸಿ ಕಳಿಸಿರಿ. ಎಣ್ಣೆ ಬಿದ್ದ ಹಾಳೆಗಳನ್ನು ಬಿಸಿಲಲ್ಲಿ ಹಿಡಿದು ತೆಗೆಯಲಿ, ಅಂಕಿ ಕಾಣಬೇಕು.

ನಿಮ್ಮ ಮಗಳು