ಹಸುಗೂಸಿನ ವಸಡನ್ನೂ ಒಮ್ಮೆ ನೋಡಿ

ಮಾನ್ಯರೇ,

ನಗರದ ಹೆರಿಗೆ ಆಸ್ಪತ್ರೆಗಳಲ್ಲಿ ಕೂಸಿನ ಅಂಗುಳ ಸೀಳಿದೆಯೇ ಎಂದು ನೋಡುತ್ತಾರೆ, ವಸಡಿನತ್ತ ಅಷ್ಟು ಗಮನ ಹೋಗುವುದಿಲ್ಲ. ಮನೆಗೆ ಹೋಗಿ ಹಾಲೂಡಿಸುವಾಗ ಬಾಯಲ್ಲಿ ಗಂಟು ಕಂಡರೆ ಬಾಣಂತಿ ಕಂಗಾಲಾಗುತ್ತಾಳೆ.

ಅಂಗುಳದ ನಡುಗೆರೆಯಲ್ಲೋ ವಸಡಿನ ಮೇಲೋ ಇರುವ ಸಣ್ಣ ಬಿಳಿ ಗುಳ್ಳೆಗಳು ಬಹಳ ಸಾಮಾನ್ಯ. ಕೆಲವೇ ವಾರಗಳಲ್ಲಿ ತಾವಾಗಿಯೇ ಹೋಗುತ್ತವೆ. ಚಿವುಟಬೇಡಿ, ಉಜ್ಜಬೇಡಿ.

ಅಪರೂಪದ್ದೆಂದರೆ ಜನ್ಮಜಾತ ಎಪುಲಿಸ್, ಅಂದರೆ ಹುಟ್ಟುವಾಗಲೇ ವಸಡಿನ ಮೇಲಿರುವ ಗಂಟು. ನ್ಯೂಮನ್ ಎಂಬ ವೈದ್ಯರು 1871ರಲ್ಲೇ ಇದನ್ನು ವಿವರಿಸಿದ್ದರು. ಹೆಚ್ಚಾಗಿ ಹೆಣ್ಣುಕೂಸುಗಳಲ್ಲಿ, ಮೇಲ್ದವಡೆಯ ಮುಂಭಾಗದಲ್ಲಿ, ತೊಟ್ಟಿನಿಂದ ನೇತಾಡುವ ನುಣುಪಾದ ಗುಲಾಬಿ ಗಂಟು ಇದು. ಕೆಲವು ಮಿಲಿಮೀಟರಿನಿಂದ ಹಲವು ಸೆಂಟಿಮೀಟರ್‌ವರೆಗೂ ಇರಬಹುದು. ಕ್ಯಾನ್ಸರ್ ಅಲ್ಲ; ಹುಟ್ಟಿದ ಮೇಲೆ ಸಾಮಾನ್ಯವಾಗಿ ಬೆಳೆಯುವುದಿಲ್ಲ, ಚಿಕ್ಕದಿದ್ದರೆ ಕುಗ್ಗಿಹೋಗುವುದೂ ಉಂಟು. ಹಾಲು ಚೀಪಲು, ಉಸಿರಾಡಲು ಅಡ್ಡವಾದರೆ ಮಾತ್ರ ಬೇಗ ತೆಗೆಸಬೇಕು. ತೊಟ್ಟಿನ ಬುಡದಲ್ಲಿ ಕತ್ತರಿಸಿದರೆ ಸಾಕು. ಚೂರು ಉಳಿದರೂ ಮತ್ತೆ ಬರುವುದಿಲ್ಲ. ಆಳಕ್ಕೆ ಕೆರೆದರೆ ಕೆಳಗಿನ ಹಾಲುಹಲ್ಲಿನ ಮೊಳಕೆಗೇ ಪೆಟ್ಟು. ತೆಗೆದದ್ದನ್ನು ತಪ್ಪದೆ ಬಯಾಪ್ಸಿಗೆ ಕಳಿಸಬೇಕು. ಮನೆಯಲ್ಲಿ ದಾರ ಬಿಗಿದು ಉದುರಿಸುವ ಯೋಚನೆ ಖಂಡಿತ ಬೇಡ: ತೊಟ್ಟಿನೊಳಗೆ ರಕ್ತನಾಳಗಳಿವೆ, ಕಳಚಿದ ತುಂಡು ಶ್ವಾಸನಾಳಕ್ಕೆ ಜಾರಬಹುದು. ಗಂಟು ತೆಗೆಸುವವರೆಗೆ ಕೂಸಿಗೆ ಮೊಲೆ ಹಿಡಿಯಲು ಆಗದಿದ್ದರೆ, ವೈದ್ಯರನ್ನು ಕೇಳಿ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕೊಡಿ.

ಹುಟ್ಟುವಾಗಲೇ ಇರುವ ಹಲ್ಲು ಬಹುಪಾಲು ನಿಜವಾದ ಹಾಲುಹಲ್ಲೇ. ಅಪಶಕುನವೆಂದು ಕೀಳಿಸಿದರೆ ಆ ಜಾಗ ವರ್ಷಗಟ್ಟಲೆ ಖಾಲಿ. ಅಂಚು ಚೂಪಾಗಿ ನಾಲಿಗೆಯಡಿ ಹುಣ್ಣಾದರೆ ದಂತವೈದ್ಯರು ಉಜ್ಜಿ ನಯ ಮಾಡುತ್ತಾರೆ. ಉದುರುವಷ್ಟು ಸಡಿಲವಿದ್ದರೆ ಕೀಳಲೇಬೇಕು, ಆದರೆ ಮೊದಲು ವಿಟಮಿನ್ ಕೆ ಚುಚ್ಚುಮದ್ದು ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಮೊದಲ ದಿನಗಳಲ್ಲಿ ಕೂಸಿನ ರಕ್ತ ಸರಿಯಾಗಿ ಹೆಪ್ಪುಗಟ್ಟದಿರಬಹುದು.

ತಡ ಮಾಡಲೇಬಾರದ್ದು ಎರಡು. ಮೊದಲ ವರ್ಷದೊಳಗೆ ಮೇಲ್ದವಡೆಯಲ್ಲಿ ಕಾಣಿಸಿ ವಾರದಿಂದ ವಾರಕ್ಕೆ ದೊಡ್ಡದಾಗುವ, ನೀಲಿಗಪ್ಪು ಛಾಯೆಯ ಗಂಟು ಒಂದು; ನಾಲಿಗೆಯನ್ನು ಮೇಲೆತ್ತಿ ಉಸಿರಿಗೆ ತೊಡಕಾಗುವ ಊತ ಇನ್ನೊಂದು. ಇಂಥ ಕೂಸನ್ನು ನೇರವಾಗಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ, ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ಕಡೆಗೆ ಒಯ್ಯಬೇಕು.

ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳಂಗುಳ ಇವೆ. ಅವನ್ನು ನೋಡುವಾಗಲೇ ಗ್ಲೌಸ್ ತೊಟ್ಟ ಕಿರುಬೆರಳನ್ನು ಎರಡೂ ವಸಡಿನ ಮೇಲೆ ಆಡಿಸಿ, ನಾಲಿಗೆಯಡಿ ಟಾರ್ಚ್ ಬಿಟ್ಟು ನೋಡಿ, ಕಂಡದ್ದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವಂತೆ ಆರೋಗ್ಯ ಇಲಾಖೆ ಸೂಚಿಸಲಿ.

– ಮಕ್ಕಳ ದಂತವೈದ್ಯರು, ಬೆಂಗಳೂರು