ಉದುರಿದ ಎಲೆಗೆ ಪಾರ್ಕಿನಲ್ಲೊಂದು ಮೂಲೆ ಕೊಡಿ: ನಗರಸಭೆ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ಶಿವರಾತ್ರಿ ಹತ್ತಿರವಾದಂತೆ ನಮ್ಮ ಬಡಾವಣೆಯ ಹೊಂಗೆ ಮರಗಳು ಎಲೆ ಉದುರಿಸತೊಡಗುತ್ತವೆ. ಯುಗಾದಿ ಹೊತ್ತಿಗೆ ಚಿಗುರಿರುತ್ತವೆ. ಈ ನಡುವಿನ ವಾರಗಳಲ್ಲಿ ಮಕ್ಕಳು ಸ್ಕೂಲ್ ವ್ಯಾನಿಗೆ ಕಾಯುವ, ಹಿರಿಯರು ವಾಕಿಂಗ್ ಹೊರಡುವ ಹೊತ್ತಿಗೇ ಬೀದಿ ಕೊನೆಯ ಎಲೆ ರಾಶಿಗೆ ಬೆಂಕಿ ಬೀಳುತ್ತದೆ. ಮುಂಜಾನೆಯ ತಂಪಿಗೆ ಹೊಗೆ ಮೇಲೇಳದೆ ನೆಲದ ಮಟ್ಟದಲ್ಲೇ ನಿಂತು ಮನೆಗಳೊಳಗೆ ನುಗ್ಗುತ್ತದೆ. ಉಬ್ಬಸ ಇರುವವರಿಗೆ ಅದು ಇಡೀ ದಿನದ ಸಂಕಟ.

ಪೌರಕಾರ್ಮಿಕರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಎಲೆ ಹಗುರ, ಆದರೆ ಬಹಳ ಜಾಗ ಹಿಡಿಯುತ್ತದೆ. ನಾಲ್ಕು ರಾಶಿ ತುಂಬಿಕೊಂಡರೆ ಆಟೋ ಟಿಪ್ಪರಿನಲ್ಲಿ ಮನೆಗಳ ಕಸಕ್ಕೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ರಾಶಿ ಬೀದಿಯಲ್ಲೇ ಉಳಿಯುತ್ತದೆ, ಯಾರೋ ಕಡ್ಡಿ ಗೀರುತ್ತಾರೆ. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ, ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಆದೇಶಿಸಿದೆ. ದಂಡದ ಬೋರ್ಡು ನೆಟ್ಟು ಸುಮ್ಮನಾದರೆ ಪ್ರಯೋಜನವಿಲ್ಲ. ಎಲೆ ಎಲ್ಲಿಗೆ ಹೋಗಬೇಕು ಎಂಬುದನ್ನು ನಗರಸಭೆ ಹೇಳಬೇಕು.

ನಮ್ಮ ಕೋರಿಕೆ ಇಷ್ಟು: ಪ್ರತಿ ವಾರ್ಡಿನ ಪಾರ್ಕಿನಲ್ಲಿ 15 ಅಡಿ ಉದ್ದ, 10 ಅಡಿ ಅಗಲದ ಒಂದು ಮೂಲೆ. ಅಲ್ಲಿ ಎಲೆ ಕೊಳೆಸಿ ಗೊಬ್ಬರ ಮಾಡುವ ಮೂರು ಎಲೆಗೂಡುಗಳನ್ನು ನಾವೇ ನಿಲ್ಲಿಸುತ್ತೇವೆ, ಜಾಲರಿಯ ಖರ್ಚೂ ನಮ್ಮದೇ. 4 ಅಡಿ ಎತ್ತರದ ವೆಲ್ಡ್ ಮೆಶ್ಶನ್ನು 12 ಅಡಿ ಉದ್ದಕ್ಕೆ ಕತ್ತರಿಸಿ, ದುಂಡಗೆ ಸುತ್ತಿ ಬೈಂಡಿಂಗ್ ವೈರಿನಲ್ಲಿ ಬಿಗಿದರೆ ಸುಮಾರು 4 ಅಡಿ ಅಗಲದ ಗೂಡಾಗುತ್ತದೆ. 3 ಅಡಿಗಿಂತ ಕಿರಿದಾದರೆ ರಾಶಿಗೆ ಕೊಳೆಯಲು ಬೇಕಾದ ಕಾವು ಹತ್ತುವುದಿಲ್ಲ. ಸಣ್ಣ ಎಲೆ ಸೋರದಂತೆ ಒಳಗೆ ಹಸಿರು ನೆರಳು ಪರದೆ ಸುತ್ತಬೇಕು. ಗೂಡು ಮಣ್ಣಿನ ಮೇಲೇ ಕೂರಬೇಕು; ಕಾಂಕ್ರೀಟಿನ ಮೇಲೆ ಇಟ್ಟರೆ ನೀರು ಬಸಿಯದು, ಎರೆಹುಳು ಹತ್ತದು. ಮರದ ನೆರಳಿರಲಿ, ಆದರೆ ಕಾಂಡಕ್ಕೆ ಒರಗಿಸಬಾರದು. ಉದ್ಯಾನಗಳನ್ನು ಕಾಪಾಡುವ 1985ರ ರಾಜ್ಯ ಕಾಯ್ದೆಯ ಬಗ್ಗೆ ಅಧಿಕಾರಿಗಳಿಗೆ ಅಳುಕಿದ್ದರೆ, ಇದು ಕಟ್ಟಡವಲ್ಲ, ತಂತಿ ಬಿಚ್ಚಿದರೆ ಎತ್ತಿಡಬಹುದಾದ ಜಾಲರಿ ಎಂಬುದನ್ನು ಗಮನಿಸಬೇಕು.

ಒಂದಡಿ ಎಲೆ ಹಾಕಿ ತುಳಿಯುವುದು, ಅದರ ಮೇಲೆ ಹುಲ್ಲು ಕತ್ತರಿಸಿದ ಹಸಿ ಚೂರು, ಆಮೇಲೆ ಬಕೆಟ್ ನೀರಿಗೆ 2 ಕಿಲೋ ಸಗಣಿ ಕದಡಿದ ಬಗ್ಗಡ. ಹೀಗೆ ಪದರ ಪದರವಾಗಿ ತುಂಬಬೇಕು. ಮೂರು ಪಾಲು ಒಣಎಲೆಗೆ ಒಂದು ಪಾಲು ಹಸಿರು ಇದ್ದರೆ ಸರಿಯಾಗುತ್ತದೆ. ಬರೀ ಒಣಎಲೆಯಲ್ಲಿ ಸಾರಜನಕ ಸಾಲದೆ ಕೊಳೆಯುವ ಕೆಲಸ ಕುಂಟುತ್ತದೆ. ಹದಿನೈದು ದಿನಕ್ಕೊಮ್ಮೆ ಪಕ್ಕದ ಖಾಲಿ ಗೂಡಿಗೆ ಮಗುಚಬೇಕು. ಮೂರನೆಯ ಗೂಡು ಬೇಕಾಗುವುದು ಇದಕ್ಕೇ: ಒಂದು ತುಂಬುತ್ತಿರುತ್ತದೆ, ಒಂದು ಮಾಗುತ್ತಿರುತ್ತದೆ, ಒಂದು ಮಗುಚಲು ಖಾಲಿ. ಮೂರ್ನಾಲ್ಕು ತಿಂಗಳಲ್ಲಿ ಕಪ್ಪಗೆ, ಕಾಡುಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಮಗುಚದಿದ್ದರೆ ಇದರ ಎರಡರಷ್ಟು ಕಾಲ ಹಿಡಿಯುತ್ತದೆ.

ಇಂಥ ಗೂಡುಗಳು ಹೆಚ್ಚಾಗಿ ಸೋಲುವುದು ನೀರಿಲ್ಲದೆ. ಒಣಎಲೆ ಮೊದಮೊದಲು ನೀರು ಹೀರುವುದಿಲ್ಲ, ಮೇಲೆ ಸುರಿದದ್ದು ಬದಿಯಲ್ಲಿ ಇಳಿದು ಹೋಗುತ್ತದೆ. ಮೇಲ್ಪದರ ಒದ್ದೆ, ನಡುವೆ ಒಣಒಣ. ಮಾರ್ಚ್ ಬಿಸಿಲಲ್ಲಿ ವಾರಕ್ಕೆರಡು ಸಲ ನೀರು ಬೇಕೇ ಬೇಕು. ಒಳಗಿನ ಎಲೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ. ಒಣಗಲು ಬಿಟ್ಟರೆ ಅದೂ ಬೆಂಕಿಗೆ ಕಾದು ನಿಂತ ರಾಶಿಯೇ. ಮಳೆಗಾಲದಲ್ಲಿ ಇದಕ್ಕೆ ತಿರುಗುಮುರುಗು: ಟಾರ್ಪಾಲು ಹೊದಿಸದಿದ್ದರೆ ನೀರು ನಿಂತು ಗಬ್ಬು ನಾರುತ್ತದೆ. ಮಾವು, ಹಲಸಿನ ದಪ್ಪ ಎಲೆಯನ್ನು ಚೂರು ಮಾಡಿಯೇ ಹಾಕಬೇಕು. ಅನ್ನ, ಸಾರು, ಮಾಂಸ ಒಳಗೆ ಬಿದ್ದರೆ ಇಲಿ, ನಾಯಿ ಬರುತ್ತವೆ. ಒಂದು ಸಲ ಹಾಗಾದರೆ ಅಕ್ಕಪಕ್ಕದ ಮನೆಯವರೇ ಗೂಡು ತೆಗೆಸುತ್ತಾರೆ. ಆದ್ದರಿಂದ ಎಲೆ, ಹುಲ್ಲು, ಪೂಜೆಯ ಬಾಡಿದ ಹೂವು (ದಾರ ಬಿಚ್ಚಿ), ಇಷ್ಟೇ.

ನಿಮ್ಮಿಂದ ಆಗಬೇಕಾದದ್ದು ನಾಲ್ಕು ಕೆಲಸ. ಮೂಲೆಯ ಹತ್ತಿರ ಒಂದು ನಲ್ಲಿ. ಎಲೆಯನ್ನು ಗುಟ್ಕಾ ಚೀಟಿ, ಹಾಲಿನ ಕವರಿನ ಚೂರು, ರಸ್ತೆಯ ದೂಳಿನ ಜೊತೆ ಬೆರೆಸದೆ ಬೇರೆ ಗಾಡಿಯಲ್ಲಿ ಪಾರ್ಕಿಗೆ ತರುವಂತೆ ಮೇಸ್ತ್ರಿಗಳಿಗೆ ಸೂಚನೆ. ಪಾರ್ಕಿನ ನಿರ್ವಹಣೆ ಟೆಂಡರಿನಲ್ಲಿ ಗೂಡುಗಳನ್ನೂ ಹೆಸರಿಸುವುದು. ಲಿಖಿತ ಅನುಮತಿ ಇಲ್ಲದಿದ್ದರೆ ಗುತ್ತಿಗೆದಾರರು ಕಸವೆಂದು ತಿಳಿದು ಎತ್ತಿ ಹಾಕುತ್ತಾರೆ. ಕೊನೆಯದಾಗಿ, ಪಾರ್ಕಿನ ಗೇಟು. ಬೆಳಿಗ್ಗೆ ಹತ್ತಕ್ಕೆ ಬೀಗ ಬಿದ್ದರೆ ಸಂಜೆ ನಾಲ್ಕಕ್ಕೇ ತೆರೆಯುವುದು. ಮನೆಗೆಲಸ ಮುಗಿಸಿ ಬಿಡುವಾಗುವ ಹೆಂಗಸರಿಗೆ, ನಿವೃತ್ತರಿಗೆ ಒದಗುವುದು ಈ ನಡುವಿನ ಹೊತ್ತೇ. ಬೀಗದ ಕೈ ಒಂದನ್ನು ನಿವಾಸಿಗಳ ಸಂಘಕ್ಕೆ ಕೊಡಿ.

ಮಗುಚುವ ಸರದಿಯನ್ನು ಬೀದಿವಾರು ಹಂಚಿಕೊಳ್ಳಲು ಮನೆಗಳು ಒಪ್ಪಿವೆ. ಭಾನುವಾರ ಗೊಬ್ಬರ ಜರಡಿ ಹಿಡಿಯುವ ಕೆಲಸಕ್ಕೆ ಮಕ್ಕಳು ಬರುತ್ತಾರೆ. ಮೊದಲ ಪಾಲು ಪಾರ್ಕಿನ ಗಿಡಗಳಿಗೆ, ಉಳಿದದ್ದು ಕುಂಡ ಇಟ್ಟ ಮನೆಗಳಿಗೆ. ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಬಗೆಬಗೆಯ ಗೊಬ್ಬರದ ಗೂಡುಗಳಿವೆ. ಆರೋಗ್ಯ ನಿರೀಕ್ಷಕರನ್ನು ಕಳುಹಿಸಿಕೊಡಿ, ಜೊತೆಗೆ ನಾವೂ ಬರುತ್ತೇವೆ.

ಹೊಂಗೆ ಉದುರುವ ಮೊದಲು ಗೂಡುಗಳು ನಿಂತಿರಬೇಕು. ಅದಕ್ಕಾಗಿ ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ,
ಬಡಾವಣೆಯ ನಿವಾಸಿಗಳು