ಮುಟೊಂಬೊ ಜರ್ಸಿ ಕೊಡಿಸಿದ ತಂಡದ ಹುಡುಗಿ

ಪ್ರಿಯ ರಘು,

ಕಾಂಗೋದಿಂದ ಬಂದು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆಡಿದ ಮುಟೊಂಬೊ ತೀರಿಕೊಂಡಾಗ ನೀನು ಫೋನಿನಲ್ಲಿ ಗಂಟೆಗಟ್ಟಲೆ ಕೊರೆದಿದ್ದು ನೆನಪಿದೆ. ಆ ಬ್ಲಾಕ್‌ಗಳು, ತಡೆದ ಮೇಲೆ ತೋರುಬೆರಳು ಅಲ್ಲಾಡಿಸುವ ಗತ್ತು, ಅಮ್ಮನ ಹೆಸರಲ್ಲಿ ಕಿನ್ಶಾಸಾದಲ್ಲಿ ಕಟ್ಟಿಸಿದ ಆಸ್ಪತ್ರೆ, ಎಲ್ಲಾ ಹೇಳಿದೆ. ಒಂದು ಬಿಟ್ಟೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಜೈರ್ ದೇಶದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಬಂದಿತ್ತಲ್ಲ, ಅವರ ಜರ್ಸಿಗೆ, ಖರ್ಚಿಗೆ ದುಡ್ಡು ಕೊಟ್ಟವನು ಅವನೇ.

ಆ ತಂಡದಲ್ಲಿದ್ದಳು ಮ್ವಾಡಿ ಮಬಿಕಾ. ಅವಳೂ ಕಿನ್ಶಾಸಾದವಳೇ, ಆಗಷ್ಟೇ ಇಪ್ಪತ್ತು ತುಂಬುತ್ತಿತ್ತು. ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ, ಹನ್ನೆರಡರಲ್ಲಿ ಕೊನೆಯ ಸ್ಥಾನ. ಅಮೆರಿಕದ ಎದುರು 107–47. ಅರವತ್ತು ಪಾಯಿಂಟ್ ಮಾರಾಯ! ನಾವಾಗಿದ್ದರೆ ಶೂ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದೆವು.

ಆ ಅಮೆರಿಕ ತಂಡದಲ್ಲಿ ಲೀಸಾ ಲೆಸ್ಲಿ ಇದ್ದಳು. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ಶುರುವಾಯಿತು ನೋಡು, ಲೆಸ್ಲಿ, ಮಬಿಕಾ ಇಬ್ಬರೂ ಒಂದೇ ತಂಡ, ಲಾಸ್ ಏಂಜಲಿಸ್ ಸ್ಪಾರ್ಕ್ಸ್. ಅದಕ್ಕೆ ಒಂದು ತಿಂಗಳು ಮುಂಚೆಯಷ್ಟೇ ಜೈರ್‌ನ ಸರ್ವಾಧಿಕಾರಿ ಮೊಬುಟು ದೇಶ ಬಿಟ್ಟು ಓಡಿದ್ದ. ಜೈರ್ ಹೋಗಿ ಕಾಂಗೋ ಆಗಿತ್ತು. ಯಾವ ಹೆಸರು ಹೊತ್ತು ಮಬಿಕಾ ಒಲಿಂಪಿಕ್ಸ್ ಆಡಿದ್ದಳೋ ಆ ಹೆಸರೇ ಭೂಪಟದಲ್ಲಿ ಉಳಿದಿರಲಿಲ್ಲ.

ಅಲ್ಲಿಂದ 2007ರವರೆಗೆ ಅವಳು ಸತತ ಹನ್ನೊಂದು ಸೀಸನ್ ಸ್ಪಾರ್ಕ್ಸ್‌ನಲ್ಲೇ. ಹೆಸರೆಲ್ಲ ಲೆಸ್ಲಿಗೇ ಹೋಯಿತು, ಅಷ್ಟು ಯೋಗ್ಯತೆ ಅವಳಿಗೆ ಇತ್ತು ಬಿಡು. ಆದರೆ ಬುಟ್ಟಿಯ ಹತ್ತಿರ ಲೆಸ್ಲಿಯನ್ನು ತಡೆಯೋಕೆ ಇಬ್ಬರು ಮುತ್ತಿಕೊಂಡರೆ ಹೊರಗೆ ಯಾರಾದರೂ ಒಬ್ಬರು ಬಿಡುವಾಗಿರಲೇಬೇಕಲ್ಲ? ಚೆಂಡು ಅಲ್ಲಿಗೆ ಬರುತ್ತಿತ್ತು, ದೂರದಿಂದಲೇ ಮಬಿಕಾ ಮೂರು ಪಾಯಿಂಟ್ ಎತ್ತುತ್ತಿದ್ದಳು. ಹೊರಗಿನಿಂದ ಹೊಡೆಯುವವರು ಇಲ್ಲದಿದ್ದರೆ ಬುಟ್ಟಿಯ ಹತ್ತಿರ ಆಡುವ ಎಂಥ ಸೆಂಟರ್ ಆದರೂ ಒಳಗೆ ಉಸಿರುಗಟ್ಟಿ ಸಾಯಬೇಕು. ಕಾಲೇಜ್ ಟೀಮಿನಲ್ಲಿ ಸೆಂಟರ್ ಆಡಿದ ನಿನಗೆ ನಾನು ಹೇಳಬೇಕಾ!

2001ರಲ್ಲಿ ಸ್ಪಾರ್ಕ್ಸ್ 32 ಪಂದ್ಯಗಳಲ್ಲಿ 28 ಗೆದ್ದು ಚಾಂಪಿಯನ್, 2002ರಲ್ಲಿ ಮತ್ತೆ. 2000 ಮತ್ತು 2002ರಲ್ಲಿ ಮಬಿಕಾ ಲೀಗಿನ ಆಯ್ದ ಆಟಗಾರ್ತಿಯರ ಆಲ್‌ಸ್ಟಾರ್ ತಂಡದಲ್ಲಿದ್ದಳು. ಕೊನೆಯ ಸೀಸನ್ 2008, ಹ್ಯೂಸ್ಟನ್ ಕಾಮೆಟ್ಸ್‌ಗೆ. ಆ ವರ್ಷದ ಕೊನೆಗೆ ಆ ತಂಡವನ್ನೇ ಮುಚ್ಚಿದರು.

ಮುಟೊಂಬೊ ಕೊಟ್ಟ ದಾನಗಳ ಪಟ್ಟಿಯಲ್ಲಿ ಆಸ್ಪತ್ರೆ ದೊಡ್ಡದು, ಒಪ್ಪಿದೆ. ನನಗೇನೋ ಆ ಜರ್ಸಿಗಳೇ ಹೆಚ್ಚು ಇಷ್ಟ. 2002ರ ಫೈನಲ್ ವಿಡಿಯೊ ಸಿಕ್ಕರೆ ನೋಡು. ಕೈಯಲ್ಲಿ ಚೆಂಡು ಇಲ್ಲದಾಗ ಮಬಿಕಾ ಎಲ್ಲಿ ಹೋಗಿ ನಿಲ್ತಾಳೆ ಅನ್ನೋದನ್ನು ಗಮನಿಸು. ಆಮೇಲೆ ಫೋನ್ ಮಾಡು, ಈ ಸಲ ಕೊರೆಯೋ ಸರದಿ ನನ್ನದು.

ನಿನ್ನ,
ಸುರೇಶ